ಹನ್ನೆರಡಮ್ಮನ ಬಲಗಣ್ಣು

ವೈದ್ಯಕೀಯ ಕಾಲೇಜಿನ ಹುಡುಗರು ಆಕೆಗೆ ಇಟ್ಟ ಹೆಸರು ಹನ್ನೆರಡಮ್ಮ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತಣ್ಣಗೆ ಕೂತಿತ್ತು. ಯಾರಾದರೂ ಅದನ್ನು ಕೂಗಿದರೆ ಆಕೆಯೇ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದಳು, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು. ಮಿದುಳಿನಿಂದ ನೇರವಾಗಿ ಹೊರಟು ಕಣ್ಣು, ಕಿವಿ, ಮುಖ, ನಾಲಿಗೆ, ಗಂಟಲಿಗೆ ಹೋಗುವ ನರಗಳು ಹನ್ನೆರಡು ಜೊತೆ. ಅವುಗಳಲ್ಲಿ ಯಾವುದು ಕೆಟ್ಟರೆ ಮನುಷ್ಯ ಹೇಗೆ ಕಾಣುತ್ತಾನೆ ಎಂಬುದನ್ನು ಕೂತ ಕುರ್ಚಿಯಲ್ಲೇ ಮಾಡಿ ತೋರಿಸಬಲ್ಲವಳು ಆ ಕಾಲೇಜಿನಲ್ಲಿ ಈಕೆ ಒಬ್ಬಳೇ.

ಕೆಲಸ ಇಷ್ಟು: ಪರೀಕ್ಷೆಯ ದಿನ ರೋಗಿಯಾಗಿ ಕೂರುವುದು. ನಿಜವಾದ ರೋಗಿಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಮೂವತ್ತು ಹುಡುಗರ ಕೈಗೆ ಕೊಟ್ಟರೆ ಅವನು ರೋಗದಿಂದ ಸಾಯುವ ಮೊದಲು ಅವರ ಕಾಟದಿಂದ ಸತ್ತಾನು. ಅದಕ್ಕೇ ಗಟ್ಟಿಮುಟ್ಟಾಗಿರುವವರನ್ನು ಕೂರಿಸಿ, ಕೈಗೊಂದು ಹಾಳೆ ಕೊಡುತ್ತಾರೆ. ಇವತ್ತು ನಿಮಗೆ ಈ ರೋಗ, ಹೀಗೆ ಕೇಳಿದರೆ ಹೀಗೆ ಹೇಳಿ, ಹಾಳೆಯಲ್ಲಿ ಇಲ್ಲದ್ದನ್ನು ಹೇಳಬೇಡಿ. ಒಬ್ಬ ಹುಡುಗನಿಗೆ ಎಂಟು ನಿಮಿಷ. ಗಂಟೆ ಹೊಡೆದರೆ ಅವನು ಹೊರಗೆ, ಮುಂದಿನವನು ಒಳಗೆ. ಗುಟ್ಟು ಬಿಟ್ಟುಕೊಡಬಾರದು, ಪಾತ್ರ ಬಿಟ್ಟು ಕದಲಬಾರದು, ಹುಡುಗ ಎಷ್ಟೇ ಪೇಚಾಡಿದರೂ ಕಣ್ಣಸನ್ನೆ ಮಾಡಬಾರದು.

ಹದಿನಾಲ್ಕು ವರ್ಷದ ಹಿಂದೆ ಆಕೆ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಒಂದು ಮಧ್ಯಾಹ್ನ ಬಿಸಿ ಹೊದಿಕೆಗಳನ್ನು ಮಡಚುತ್ತ, ವಾರ್ಡಿನಲ್ಲಿ ಕಂಡ ಒಬ್ಬ ರೋಗಿಯ ಸೊಟ್ಟ ಮುಖವನ್ನು ಜೊತೆಯವರಿಗೆ ಮಾಡಿ ತೋರಿಸುತ್ತಿದ್ದಳು. ಎಲ್ಲರ ನಗು ಒಮ್ಮೆಗೇ ನಿಂತಿತು. ಬಾಗಿಲಲ್ಲಿ ನರರೋಗ ವಿಭಾಗದ ಹಿರಿಯ ಡಾಕ್ಟರು ನಿಂತಿದ್ದರು, ಒಗೆಯಲು ಹಾಕಿ ಕಳೆದುಹೋದ ಕೋಟನ್ನು ಹುಡುಕಿಕೊಂಡು ಬಂದವರು. ಮುಗಿಯಿತು ಕೆಲಸ ಎಂದುಕೊಂಡಳು. ಅವರು ಹತ್ತಿರ ಬಂದು ಆಕೆಯ ಮುಖವನ್ನೇ ದಿಟ್ಟಿಸಿ, "ಹಣೆ ಅಲ್ಲಾಡ್ತಿದೆ," ಎಂದರು. "ಮುಖದ ನರ ಪೂರ್ತಿ ಕೆಟ್ಟರೆ ಆ ಕಡೆ ಹಣೇಲಿ ಗೆರೆ ಬೀಳಲ್ಲ. ಎಲ್ಲಿ, ಇನ್ನೊಂದು ಸಲ ಮಾಡಿ."

ಹಾಗೆ ಆಕೆ ಒಗೆಯುವ ಕಲ್ಲಿನಿಂದ ಕುರ್ಚಿಗೆ ಬಂದಳು. ಅರ್ಧ ಹಣೆ ಕುಣಿಸಿ ಅರ್ಧ ಹಣೆ ಸುಮ್ಮನಿರಿಸಲು ಮೂರು ತಿಂಗಳು ಕನ್ನಡಿಯ ಮುಂದೆ ಕೂತಳು. ಕಲಿಸಿದವರು ಆ ಡಾಕ್ಟರೇ. ಉತ್ತರಪತ್ರಿಕೆಯ ಮೇಲೆ ಅವರು ಎಳೆಯುವ ಗೆರೆಯಿಂದಾಗಿ ಹುಡುಗರು ಅವರಿಗೆ ಕೆಂಪುಗೆರೆ ಎಂದು ಹೆಸರಿಟ್ಟಿದ್ದರು. ಅವರ ಮೊದಲ ಪಾಠ ಆಕೆಗೆ ಇನ್ನೂ ಬಾಯಿಪಾಠ: "ಕೆಲವು ನರ ಸುದ್ದಿ ಒಯ್ಯುತ್ತವೆ, ಕೆಲವು ಅಪ್ಪಣೆ ತರುತ್ತವೆ, ಕೆಲವು ಎರಡೂ ಮಾಡ್ತವೆ." ವಾಸನೆ, ನೋಟ, ಕೇಳುವುದು, ಇವು ಸುದ್ದಿಯ ನರ. ಕಣ್ಣುಗುಡ್ಡೆ ತಿರುಗಿಸುವ ಮೂರು, ಹೆಗಲೆತ್ತುವ ಹನ್ನೊಂದನೆಯದು, ನಾಲಿಗೆ ಹೊರಳಿಸುವ ಹನ್ನೆರಡನೆಯದು ಬರೀ ಅಪ್ಪಣೆಯವು. ಉಳಿದ ನಾಲ್ಕು ಹೋಗುವಾಗ ಸುದ್ದಿ ಹೊತ್ತು ಬರುವಾಗ ಅಪ್ಪಣೆ ಹೊತ್ತು ತರುವ ಜಾಣ ಆಳುಗಳು. ಅಪ್ಪಣೆಯ ನರ ನಟಿಸುವುದು ಸುಲಭ, ಅಪ್ಪಣೆ ಮೀರಿದರಾಯಿತು. ಅದು ಆಕೆಗೆ ಹುಟ್ಟುಗುಣ. ಸುದ್ದಿಯ ನರಕ್ಕೆ ಮಾತ್ರ ಸುಳ್ಳು ಹೇಳಬೇಕಿತ್ತು. ಅದನ್ನೂ ಕಲಿತಳು.

ಎಷ್ಟು ಕಲಿತಳೆಂದರೆ, ಕಲಿತದ್ದೇ ಕಣ್ಣಿಗೆ ಮಣ್ಣೆರಚಿತು. ಎರಡು ತಿಂಗಳಿಂದ ಮುಖ ತೊಳೆಯುವಾಗ ಬಲಗೆನ್ನೆಯ ಮೇಲೆ ನೀರು ಬಿದ್ದರೆ ಬಟ್ಟೆಯ ಮೇಲಿಂದ ಬಿದ್ದಂತಿತ್ತು. ಫೋನು ತಾನಾಗಿ ಎಡಗಿವಿಗೆ ಹೋಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಡಾಕ್ಟರ ಬಳಿ ಓಡುತ್ತಿದ್ದರು. ಹನ್ನೆರಡಮ್ಮ ನಕ್ಕು ಸುಮ್ಮನಾದಳು. ಅದಕ್ಕೂ ಹಿಂದಿನ ತಿಂಗಳೆಲ್ಲ ತರಗತಿಯಲ್ಲಿ ಬಲಗೆನ್ನೆ ಮರಗಟ್ಟಿದ ರೋಗಿಯಾಗಿ ಕೂತಿದ್ದಳಲ್ಲ, ಆ ಪಾತ್ರ ಇನ್ನೂ ಮೈಬಿಟ್ಟು ಹೋಗಿಲ್ಲ ಎಂದುಕೊಂಡಳು. ವರ್ಷಕ್ಕೊಮ್ಮೆ ಹನ್ನೆರಡೂ ನರ ಸರಿಯಿವೆ ಎಂದು ಡಾಕ್ಟರೊಬ್ಬರು ಸಹಿ ಮಾಡಿದರೆ ಮಾತ್ರ ಕುರ್ಚಿಯಲ್ಲಿ ಕೂರಲು ಬಿಡುತ್ತಿದ್ದರು. ಆ ಸಲ ಸಹಿ ಮಾಡಿದವರು ಒಂದು ಕೈಯಲ್ಲಿ ಚಹಾ ಹಿಡಿದುಕೊಂಡು, "ನಿಮ್ಮನ್ನ ನೋಡೋದೇನಿದೆ ಅಮ್ಮಾ, ನೀವೇ ನಮ್ಮನ್ನ ನೋಡಬೇಕು," ಎಂದು ಹಾಳೆ ಮುಂದಕ್ಕೆ ತಳ್ಳಿದ್ದರು.

ಆಕೆಯ ಗಂಡ ಆಸ್ಪತ್ರೆಯ ಎದುರಿನ ಬೀದಿಯಲ್ಲಿ ಬೀಗ ರಿಪೇರಿ ಮಾಡಿ ಕೀಲಿಕೈ ಮಾಡಿಕೊಡುವವನು. ಅವನು ಮಲಗುವುದು ಆಕೆಯ ಬಲಗಡೆ. "ಕಿವುಡಿ ಪಾತ್ರ ಮನೇಲೂ ನಡೀತಿದೆಯಾ?" ಎಂದು ಒಂದು ದಿನ ರೇಗಿದ್ದ.

"ನಿಮ್ಮ ಮಾತು ಕೇಳದೇ ಇರೋಕೆ ನಂಗೆ ಕಾಯಿಲೆ ಬೇರೆ ಬೇಕಾ?" ಎಂದಿದ್ದಳು ಆಕೆ. ಇಬ್ಬರೂ ನಕ್ಕಿದ್ದರು.

ಆ ದಿನ ಕೊನೆಯ ವರ್ಷದವರ ಪರೀಕ್ಷೆ. ಆರು ಕೋಣೆ, ಆರು ರೋಗಿ, ಆರು ಪರೀಕ್ಷಕರು. ನರಗಳ ಕೋಣೆಯಲ್ಲಿ ಫೇಲಾದರೆ ಉಳಿದ ಐದರಲ್ಲಿ ಚಿನ್ನ ತಂದರೂ ಫೇಲು. ಆರು ತಿಂಗಳು ಬಿಟ್ಟು ಮತ್ತೆ ಬರೆಯಬೇಕು. ಆ ಕೋಣೆಯ ಪರೀಕ್ಷಕರು ಕೆಂಪುಗೆರೆ, ರೋಗಿ ಹನ್ನೆರಡಮ್ಮ. ಹಾಳೆಯಲ್ಲಿ ಬರೆದಿದ್ದದ್ದು: ಎಡಗಡೆಯ ಏಳನೆಯ ನರ, ಅಂದರೆ ಮುಖದ ನರ, ಕೆಟ್ಟಿದೆ. ಎಡಹಣೆಯಲ್ಲಿ ಗೆರೆ ಬೀಳುವುದಿಲ್ಲ, ಎಡಗಣ್ಣು ಮುಚ್ಚುವುದಿಲ್ಲ, ನಕ್ಕರೆ ಬಾಯಿ ಬಲಕ್ಕೆ ಓಡುತ್ತದೆ. ನಾಲಿಗೆಯ ಎಡ ಮುಂಭಾಗಕ್ಕೆ ರುಚಿ ಇಲ್ಲ. ಮುಟ್ಟಿದ್ದು ಮಾತ್ರ ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದೆ. ಗೋಡೆಯ ಮೇಲೆ ಒಂದು ಸೂಚನೆ ಅಂಟಿಸಿತ್ತು: ರೋಗಿಯ ಕಣ್ಣನ್ನು ಹತ್ತಿಯಿಂದ ಮುಟ್ಟಬಾರದು, ಮುಟ್ಟುತ್ತೇನೆ ಎಂದು ಬಾಯಲ್ಲಿ ಹೇಳಿದರೆ ಸಾಕು.

ಹದಿನೆಂಟು ಜನ ಬಂದು ಹೋದರು. ಹಣೆ ಏರಿಸಿ, ಹಲ್ಲು ತೋರಿಸಿ, ಕೆನ್ನೆ ಊದಿಸಿ, ಹೆಗಲೆತ್ತಿ, ನಾಲಿಗೆ ಚಾಚಿ. ಒಬ್ಬ ಭಯಕ್ಕೆ ಆಕೆಗೆ ಹೇಳುವ ಬದಲು ತಾನೇ ನಾಲಿಗೆ ಚಾಚಿಕೊಂಡು ನಿಂತಿದ್ದ. ಹನ್ನೆರಡಮ್ಮ ಒಳಗೊಳಗೇ ನಕ್ಕಳು. ಹೊರಗೆ ಅರ್ಧ ಮುಖ ಕಲ್ಲು.

ಹತ್ತೊಂಬತ್ತನೆಯವಳು ಒಬ್ಬ ಸಣಕಲು ಹುಡುಗಿ. ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಹದಿನಾಲ್ಕು ವರ್ಷದಲ್ಲಿ ಹಾಗೆ ಮಾಡಿದವರನ್ನು ಹನ್ನೆರಡಮ್ಮ ಬೆರಳಲ್ಲಿ ಎಣಿಸಬಹುದಿತ್ತು. ಹುಡುಗಿ ಮುಖ ನೋಡಿದಳು, ಹಣೆ ನೋಡಿದಳು, ಬಲಗೆನ್ನೆಯನ್ನು ಎರಡು ಸಲ ಮುಟ್ಟಿದಳು. ಎರಡನೆಯ ಸಲ ತಡೆದು ನಿಂತಳು. ಆಮೇಲೆ ತಟ್ಟೆಯಿಂದ ಹತ್ತಿ ತೆಗೆದು, ಅದರ ತುದಿಯನ್ನು ಎಳೆಯಾಗಿ ಹೊಸೆದಳು.

"ಮೇಲೆ ನೋಡಿ ಅಮ್ಮಾ," ಎಂದಳು.

ಹನ್ನೆರಡಮ್ಮ ಚಾವಣಿ ನೋಡಿದಳು. ಹುಡುಗಿಯ ಕೈ ಬಲಗಡೆಯಿಂದ ಬಂತು, ಹೋಯಿತು. ಎಡಗಡೆಯಿಂದ ಬಂತು. ಎಡಗಣ್ಣಿನಲ್ಲಿ ಚುರ್ ಎಂದಿತು, ಎರಡೂ ರೆಪ್ಪೆ ಟಪ್ಪನೆ ಬಿದ್ದವು.

"ಏಯ್! ಮುಟ್ಟಬಾರದು ಅಂತ ಬರೆದಿಲ್ವಾ?" ಕೆಂಪುಗೆರೆ ಕುರ್ಚಿಯಿಂದ ಎದ್ದರು.

ಹುಡುಗಿ ಹತ್ತಿಯ ಎಳೆ ಕೈಯಲ್ಲೇ ಹಿಡಿದು ಹೇಳಿದಳು: "ಸಾರ್, ಬಲಗಣ್ಣು ಮುಟ್ಟಿದಾಗ ಯಾವ ಕಣ್ಣೂ ಮಿಟುಕಲಿಲ್ಲ. ಎಡಗಣ್ಣು ಮುಟ್ಟಿದ್ರೆ ಎರಡೂ ಮುಚ್ಚಿತು. ಅಂದ್ರೆ ಬಲಗಣ್ಣಿಗೆ ಮುಚ್ಚೋಕೆ ಬರುತ್ತೆ, ಮುಟ್ಟಿದ್ದು ಗೊತ್ತಾಗಲ್ಲ." ಹನ್ನೆರಡಮ್ಮನ ಕಡೆ ಬಗ್ಗಿ, "ಬಲಗಡೆ ಮುಟ್ಟಿದ್ದು ಗೊತ್ತಾಯ್ತಾ ಅಮ್ಮಾ?" ಎಂದಳು.

ಹಾಳೆಯಲ್ಲಿ ಉತ್ತರ ಇತ್ತು. ನಾಲಿಗೆ ಅದನ್ನೇ ಒಪ್ಪಿಸಿತು: "ಎರಡೂ ಕಡೆ ಒಂದೇ ಥರ ಗೊತ್ತಾಯ್ತು."

ಹೇಳಿ ಮುಗಿಯುವಷ್ಟರಲ್ಲಿ ಅದು ಸುಳ್ಳೆಂದು ಹನ್ನೆರಡಮ್ಮನಿಗೆ ಹೊಳೆಯಿತು. ಬಲಗಡೆ ಏನೂ ಗೊತ್ತಾಗಿರಲಿಲ್ಲ. ಕೈ ಬಂದದ್ದು ಕಂಡಿತ್ತು, ಹೋದದ್ದು ಕಂಡಿತ್ತು, ನಡುವೆ ಆದದ್ದರ ಸುದ್ದಿಯೇ ಬಂದಿರಲಿಲ್ಲ. ಹುಡುಗಿ ಆಕೆಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿ ಇತ್ತು. ಅದನ್ನು ತಡೆದುಕೊಳ್ಳುವುದು ಸಿಟ್ಟಿಗಿಂತ ಕಷ್ಟವಾಯಿತು.

"ರೋಗೀನೇ ಗೊತ್ತಾಯ್ತು ಅಂತಿದ್ದಾರೆ," ಎಂದರು ಕೆಂಪುಗೆರೆ. "ನಿನ್ನ ಕೇಸು ಎಡಗಡೆ ಏಳು. ಹೇಳು."

"ಎಡಗಡೆ ಏಳು ಕೇಸಿನಲ್ಲಿರೋದು ಸಾರ್. ಬಲಗಡೆ ಐದು, ಮುಖಕ್ಕೆ ಮುಟ್ಟಿದ್ದನ್ನ ತಿಳಿಸೋ ನರ, ಕೆಟ್ಟಿರೋದು ಈ ಅಮ್ಮನಲ್ಲಿ. ಬಲಗಿವೀನೂ ಮಂದ ಇರಬಹುದು, ಆ ಕಡೆಯಿಂದ ಮಾತಾಡಿದಾಗ ತಲೆ ತಿರುಗಿಸಿ ಕೇಳ್ತಾರೆ. ಇವರನ್ನ ಇವತ್ತೇ ಸ್ಕ್ಯಾನಿಗೆ ಕಳಿಸಬೇಕು."

ಗಂಟೆ ಹೊಡೆಯಿತು. ಕೆಂಪುಗೆರೆ ಅವಳ ಅಂಕದ ಹಾಳೆಯ ಮೇಲಿಂದ ಕೆಳಕ್ಕೆ ಒಂದೇ ಗೆರೆ ಎಳೆದರು. "ಕೇಸಿನ ರೋಗ ಬಿಟ್ಟು ನಟಿಯ ರೋಗ ಹುಡುಕೋಕೆ ಬಂದ್ಯಾ? ಆರು ತಿಂಗಳು ಬಿಟ್ಟು ಬಾ." ಹುಡುಗಿ ಹತ್ತಿಯ ಎಳೆಯನ್ನು ತಟ್ಟೆಯಲ್ಲಿ ಜೋಪಾನವಾಗಿ ಇಟ್ಟು ಹೊರಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ಕೆಂಪುಗೆರೆ ಹನ್ನೆರಡಮ್ಮನ ಕಡೆ ತಿರುಗಿ ನಕ್ಕರು. ಅದು ಹೆಮ್ಮೆಯ ನಗು. "ಅಬ್ಬಾ, ಇವತ್ತು ರೆಪ್ಪೆನೂ ಹಿಡಿದುಬಿಟ್ರಲ್ಲ! ಆದ್ರೆ ಹಾಳೇಲಿ ಇಲ್ಲದ್ದನ್ನ ಮಾಡಬೇಡಿ ಅಮ್ಮಾ. ಹುಡುಗರು ದಾರಿ ತಪ್ತಾರೆ."

ಉಳಿದ ಹನ್ನೊಂದು ಜನರಿಗೆ ಹನ್ನೆರಡಮ್ಮ ಏನು ಮಾಡಿ ತೋರಿಸಿದಳೋ ದೇವರಿಗೇ ಗೊತ್ತು.

ಊಟದ ಬಿಡುವಿಗೆ ಆಕೆ ಊಟಕ್ಕೆ ಹೋಗಲಿಲ್ಲ. ತಟ್ಟೆಯಿಂದ ಒಂದು ಉಂಡೆ ಹತ್ತಿ ಸೆರಗಿನ ತುದಿಗೆ ಕಟ್ಟಿಕೊಂಡು ರಸ್ತೆ ದಾಟಿ ಗಂಡನ ಅಂಗಡಿಗೆ ಹೋದಳು. ಅವನು ಕೀಲಿಕೈ ಅರೆಯುವ ಯಂತ್ರ ನಿಲ್ಲಿಸಿ, "ಏನೇ ಇಷ್ಟು ಹೊತ್ನಲ್ಲಿ?" ಎಂದ.

"ಕೈ ತೊಳ್ಕೊಳ್ಳಿ. ಸೋಪು ಹಾಕಿ."

ಕಬ್ಬಿಣದ ಪುಡಿ ಹತ್ತಿದ ಕೈ. ಅವನು ಮೂರು ಸಲ ತೊಳೆದ. ಆಕೆ ಎಳೆ ಹೊಸೆದು ಕೊಟ್ಟಳು, ಹೇಗೆ ಮುಟ್ಟಬೇಕೆಂದು ಹೇಳಿದಳು. ಕೂದಲೆಳೆಯಷ್ಟು ಸಣ್ಣ ಬೀಗದ ಸ್ಪ್ರಿಂಗನ್ನು ಕಣ್ಣುಮುಚ್ಚಿ ಕೂರಿಸುವ ಮನುಷ್ಯ, ಹೆಂಡತಿಯ ಕಣ್ಣಿನ ಹತ್ತಿರ ಬರುವಾಗ ಬೆವತುಹೋದ. ಎಡಗಣ್ಣಿಗೆ ಎಳೆ ಸೋಕುವುದರೊಳಗೆ ರೆಪ್ಪೆ ಬಡಿಯಿತು. ಬಲಗಣ್ಣಿನಲ್ಲಿ ಅವನ ಕೈ ತುಂಬ ಹೊತ್ತು ನಿಂತಿತು.

"ಮುಟ್ಟಿ ಅಂದೆನಲ್ಲ," ಎಂದಳು ಆಕೆ.

"ಮುಟ್ಟಿದೀನಿ ಕಣೇ," ಎಂದ ಅವನು. "ಕರಿಗುಡ್ಡೆ ಮೇಲೇ ಇದೆ."

ಗಿರಾಕಿಯೊಬ್ಬ ಬಂದು ಬಾಗಿಲ ಬೀಗ ಕೆಟ್ಟಿದೆ ಎಂದ. ಗಂಡ ಅವನನ್ನು ನಾಳೆ ಬಾ ಎಂದು ಕಳಿಸಿದ. ಆಮೇಲೆ ಆಕೆ ಬೆಳಗಿನ ಕಥೆಯೆಲ್ಲ ಹೇಳಿದಳು. ಅವನು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು ಮೆಲ್ಲಗೆ, ಆಕೆಯ ಎಡಗಡೆಗೆ ಬಂದು ಕೂತು ಹೇಳಿದ: "ಹೀಗೆ ಮಾಡೋಣ. ನಾಳೆ ಬೇರೆ ಆಸ್ಪತ್ರೆಗೆ ಹೋಗಿ ತೋರಿಸೋಣ. ಇಲ್ಲಿ ಯಾರಿಗೂ ತಿಳಿಯೋದು ಬೇಡ. ಔಷಧೀಲಿ ಹೋಗೋದಾದ್ರೆ ಹೋಗುತ್ತೆ, ನಿನ್ನ ಕುರ್ಚಿನೂ ಉಳಿಯುತ್ತೆ. ಆ ಹುಡುಗಿಗೆ ಏನು, ವಯಸ್ಸಿದೆ, ಆರು ತಿಂಗಳು ಬಿಟ್ಟು ಬರೀತಾಳೆ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತೀರಿ."

"ನೀನು ಸಾಯಬಾರದು ಅಂತೀನಿ," ಎಂದ ಗಂಡ.

ಆಕೆ ಅವನ ಒದ್ದೆ ಕೈ ಹಿಡಿದುಕೊಂಡಳು. ಹೆದರಿಕೆ ಆಕೆಗೂ ಆಗಿತ್ತು. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದು ಕೂತಿತ್ತು, ಅದು ಸಿಟ್ಟು. "ಆ ಹುಡುಗಿ ನನ್ನ ಕಣ್ಣು ನೋಡಿ ನಿಜ ಹೇಳಿದ್ಲು ರೀ. ನಾನು ಅವಳ ಕಣ್ಣು ನೋಡ್ತಾ ಸುಳ್ಳು ಹೇಳಿದೆ. ನನ್ನ ಸುಳ್ಳಿನ ಮೇಲೆ ಅವರು ಗೆರೆ ಎಳೆದ್ರು. ನಾಲ್ಕು ಗಂಟೆಗೆ ಫಲಿತಾಂಶಕ್ಕೆ ಸಹಿ ಬೀಳುತ್ತೆ. ಬಿದ್ದ ಮೇಲೆ ಬ್ರಹ್ಮ ಬಂದ್ರೂ ಬದಲಾಗಲ್ಲ."

"ನಿಜ ಹೇಳಿದ್ರೆ ನಿನ್ನನ್ನ ತೆಗೆದುಹಾಕ್ತಾರೆ."

"ಹಾಕಲಿ. ನಾನು ನಟಿಸೋಕೆ ಹೋದವಳು, ಒಂದು ಹುಡುಗಿ ಬಾಳಿಗೆ ಕಲ್ಲು ಹಾಕೋಕೆ ಹೋದವಳಲ್ಲ."

ಗಂಡ ಆಕೆಯನ್ನು ಬಲ್ಲ. ಪಟ್ಟು ಹಿಡಿದರೆ ಜಪ್ಪಯ್ಯ ಎಂದರೂ ಬಿಡುವವಳಲ್ಲ. ಅವನು ಶಟರನ್ನು ಪೂರ್ತಿ ಎಳೆದು ಬೀಗ ಹಾಕಿ, ನಾನೂ ಬರುತ್ತೇನೆ ಎಂದ. "ಬೇಡ," ಎಂದಳು ಆಕೆ. "ನೀವು ಬಂದ್ರೆ ಅಳು ಬರುತ್ತೆ. ಗೇಟಿನ ಹತ್ರ ಇರಿ."

ಫಲಿತಾಂಶದ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಆರು ಪರೀಕ್ಷಕರು, ತುದಿಯಲ್ಲಿ ಪಟ್ಟಿ ಹಿಡಿದ ಪರೀಕ್ಷಾ ಮೇಲ್ವಿಚಾರಕಿ. ಗೋಡೆಯ ಗಡಿಯಾರದಲ್ಲಿ ಮೂರೂವರೆ. ನಟಿಸುವವರು ಆ ಕೋಣೆಗೆ ಹೋಗುವಂತಿರಲಿಲ್ಲ. ಹನ್ನೆರಡಮ್ಮ ಬಾಗಿಲು ತಟ್ಟಲೂ ಇಲ್ಲ. ಗೋಡೆಗೆ ಒರಗಿಸಿದ್ದ ಖಾಲಿ ಕುರ್ಚಿಯೊಂದನ್ನು ದರದರ ಎಳೆದು ತಂದು, ಕೆಂಪುಗೆರೆಯವರ ಎದುರಿಗೆ ಹಾಕಿ ಕೂತಳು.

"ಹತ್ತೊಂಬತ್ತನೇ ಹುಡುಗಿಗೆ ನಾನು ಸುಳ್ಳು ಹೇಳಿದೆ ಸಾರ್. ಬಲಗಣ್ಣು ಮುಟ್ಟಿದ್ದು ನಂಗೆ ಗೊತ್ತಾಗಲಿಲ್ಲ. ಅವಳು ಹೇಳಿದ್ದು ಸರಿ."

ಮೇಲ್ವಿಚಾರಕಿ ಅವಸರದಿಂದ ಎದ್ದು, "ಅಮ್ಮಾ, ಇಲ್ಲಿಗೆ ಬರಬಾರದು ನೀವು," ಎಂದಳು. ಕೆಂಪುಗೆರೆ ಕೈಯೆತ್ತಿ ಮೇಲ್ವಿಚಾರಕಿಯನ್ನು ತಡೆದರು. ಅವರ ಮುಖದಲ್ಲಿ ಕನಿಕರ ಇತ್ತು, ಅದೇ ಹನ್ನೆರಡಮ್ಮನ ಮೈ ಉರಿಸಿತು. "ಆ ಹುಡುಗಿ ಹೊರಗೆ ಅಳ್ತಾ ಕೂತಿರೋದು ನೋಡಿ ನಿಮ್ಮ ಕರುಳು ಚುರುಕ್ ಅಂದಿರಬೇಕು. ಅರ್ಥ ಆಗುತ್ತೆ. ಆದ್ರೆ ಪರೀಕ್ಷೆ ಮುಗೀತು ಅಮ್ಮಾ. ಇನ್ನು ನಟನೆ ಸಾಕು."

"ನಟನೆ ಅಂತೀರಾ?" ಆಕೆ ಸೆರಗಿನ ಗಂಟು ಬಿಚ್ಚಿ ಹತ್ತಿಯನ್ನು ಮೇಜಿನ ಮೇಲಿಟ್ಟಳು. "ಅರ್ಧ ಹಣೆ ನಟಿಸ್ತೀನಿ. ಸೊಟ್ಟ ನಾಲಿಗೆ ನಟಿಸ್ತೀನಿ. ಗಂಟಲು ಬಿದ್ದುಹೋದ ಹಾಗೆ ಮಾತಾಡ್ತೀನಿ. ಕಣ್ಣಿಗೆ ಹತ್ತಿ ಬಿದ್ರೆ ರೆಪ್ಪೆ ತಡೆಯೋದು ಯಾವ ಮನುಷ್ಯನ ಕೈಲೂ ಆಗಲ್ಲ ಅಂತ ಹೇಳಿಕೊಟ್ಟೋರು ಯಾರು ಸಾರ್? ನೀವೇ. ಹದಿನಾಲ್ಕು ವರ್ಷ ನಾನು ನೆನಪಿಟ್ಕೊಂಡಿದೀನಿ. ನೀವು ಇವತ್ತು ಬೆಳಿಗ್ಗೆ ಮರೆತ್ರಿ."

ಗುರುವಿಗೇ ತಿರುಮಂತ್ರ. ಒಬ್ಬ ಪರೀಕ್ಷಕ ಕೆಮ್ಮಿದ. ಇನ್ನೊಬ್ಬ, "ಕಣ್ಣಿಗೆ ಲೆನ್ಸ್ ಹಾಕ್ತೀರಾ? ಹಾಕೋರಿಗೆ ಹಾಗಾಗುತ್ತೆ," ಎಂದ.

"ನಾನು ಕನ್ನಡಕಾನೇ ಹಾಕಲ್ಲ, ಲೆನ್ಸ್ ಎಲ್ಲಿಂದ ತರಲಿ?"

"ನೋಡೋಣ, ಒಂದು ದಿನ ಓಪೀಡಿಗೆ ಬನ್ನಿ," ಎಂದರು ಕೆಂಪುಗೆರೆ, ಕಾಗದ ಸರಿಪಡಿಸುತ್ತ.

"ಇನ್ನೊಂದು ದಿನ ಅಲ್ಲ. ಈಗ. ನೀವು ಮುಟ್ಟಿ. ನೀವು ಮುಟ್ಟಲ್ಲ ಅಂದ್ರೆ ಈ ಐದು ಜನರಲ್ಲಿ ಯಾರಾದ್ರೂ ಮುಟ್ಟಿ. ಯಾರೂ ಮುಟ್ಟಲ್ಲ ಅಂದ್ರೆ ನಾನು ಇಲ್ಲಿಂದ ಏಳಲ್ಲ. ನಾಲ್ಕು ಗಂಟೆಗೆ ಸಹಿ ಹಾಕೋರು ನನ್ನ ಮುಖ ನೋಡ್ಕೊಂಡೇ ಹಾಕಿ." ಆಕೆ ತಲೆ ಹಿಂದಕ್ಕೆ ಮಾಡಿ ಚಾವಣಿ ನೋಡುತ್ತ ಕೂತಳು. ಕೈಗಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಆರು ಡಾಕ್ಟರುಗಳ ಎದುರು ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಹೀಗೆ ಕೂತದ್ದು ಆ ಕಾಲೇಜಿನ ಇತಿಹಾಸದಲ್ಲಿ ಇರಲಿಕ್ಕಿಲ್ಲ, ಇದ್ದರೂ ಯಾರೂ ಬರೆದಿಟ್ಟಿರಲಿಕ್ಕಿಲ್ಲ.

ಕೊನೆಗೆ ಕೆಂಪುಗೆರೆ ಎದ್ದರು. ಅವರು ಹತ್ತಿ ಹೊಸೆಯುವ ಸದ್ದು ಆಕೆಗೆ ಕೇಳಲಿಲ್ಲ, ನೆರಳು ಕಂಡಿತು. ಎಡಗಣ್ಣಿನಲ್ಲಿ ಚುರ್ ಎಂದಿತು, ಎರಡೂ ರೆಪ್ಪೆ ಬಿದ್ದವು. ಮತ್ತೆ ಚಾವಣಿ ನೋಡಿದಳು. ಬಲಗಡೆಯಿಂದ ನೆರಳು ಬಂತು. ಅದು ಹೋಗಲಿಲ್ಲ. ಮೇಜಿನ ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಲ್ಲುವುದು ಕುರ್ಚಿಗಳ ಸದ್ದಿನಿಂದ ತಿಳಿಯಿತು.

"ಮುಟ್ಟಿದ್ರಾ ಸಾರ್?" ಎಂದು ಕೇಳಿದಳು.

ಕೆಂಪುಗೆರೆ ಕೋಟಿನ ಜೇಬಿನಿಂದ, ಬಡಿದರೆ ಗುಂಯ್ಗುಡುವ ಟ್ಯೂನಿಂಗ್ ಫೋರ್ಕ್ ತೆಗೆದು ಮೊಣಕೈಗೆ ಬಡಿದು, ಅದರ ಬುಡವನ್ನು ಆಕೆಯ ಹಣೆಯ ನಟ್ಟನಡುವೆ ಇಟ್ಟರು. ಎಲ್ಲಿ ಕೇಳುತ್ತೆ ಎಂದರು. ಎಡಗಿವಿಯಲ್ಲಿ ಮಾತ್ರ, ಎಂದಳು. ಅವರು ತಮ್ಮ ಕುರ್ಚಿಗೆ ಹೋಗಿ ಕೂತರು. ಒಂದೇ ಗಳಿಗೆಯಲ್ಲಿ ಹತ್ತು ವರ್ಷ ಮುದುಕರಾದಂತೆ ಕಂಡರು.

"ಕಿವಿಗೆ ಹೋಗೋ ಎಂಟನೇ ನರದ ಮೇಲೆ ಒಂದು ಗಂಟು ಇರಬಹುದು," ಎಂದರು. ಮರೆಮಾಚದೆ ಹೇಳಿದರು, ಅದೊಂದು ಮರ್ಯಾದೆ. "ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ. ಬೆಳೆದು ಪಕ್ಕದ ಐದನೇದನ್ನ ಒತ್ತುತ್ತಿದೆ. ಸ್ಕ್ಯಾನ್ ಆಗಬೇಕು. ಆಪರೇಷನ್ನೂ ಬೇಕಾಗಬಹುದು. ಏಳನೇ ನರ ಅಲ್ಲೇ ಅಂಟಿಕೊಂಡು ಹೋಗುತ್ತೆ, ಆಮೇಲೆ ಬಲಮುಖ ಬೀಳೋ ಸಾಧ್ಯತೆ ಇದೆ. ನೀವು ಈಗಲೇ ಸ್ಕ್ಯಾನಿಗೆ ಹೋಗಿ ಅಮ್ಮಾ. ಬರೆದುಕೊಡ್ತೀನಿ."

"ಹುಡುಗಿದು?"

"ಅದು ಬೇರೆ ವಿಷಯ. ಮುಟ್ಟಬಾರದು ಅನ್ನೋ ನಿಯಮ ಅವಳು ಮುರಿದಿದ್ದಾಳೆ. ಸಮಿತಿಯಲ್ಲಿ ಕೂತು ನೋಡೋಣ."

"ನೋಡೋಣ ಅಂದ್ರೆ ನೋಡಲ್ಲ ಅಂತ," ಎಂದಳು ಹನ್ನೆರಡಮ್ಮ. "ಆ ನಿಯಮ ಯಾಕಿದೆ ಸಾರ್? ನಮ್ಮ ಕಣ್ಣಿಗೆ ನೋವಾಗಬಾರದು ಅಂತ ತಾನೇ? ನನ್ನ ಕಣ್ಣಿಗೆ ನೋವಾಗಲೇ ಇಲ್ವಲ್ಲ. ಅದೇ ಅಲ್ವಾ ರೋಗ? ಮೂವತ್ತು ಜನ ಬಂದ್ರು. ಇಪ್ಪತ್ತೊಂಬತ್ತು ಜನ ಹಾಳೇಲಿ ಇದ್ದದ್ದನ್ನ ಹುಡುಕಿದ್ರು. ಒಬ್ಬಳು ಎದುರಿಗೆ ಕೂತಿದ್ದ ಮನುಷ್ಯಳನ್ನ ನೋಡಿದ್ಲು. ನೀವು ಅವಳನ್ನ ಮನೆಗೆ ಕಳಿಸ್ತೀರಿ, ಉಳಿದೋರನ್ನ ವಾರ್ಡಿಗೆ ಕಳಿಸ್ತೀರಿ. ಕಳಿಸಿ. ಆದ್ರೆ ನಾನು ಸ್ಕ್ಯಾನಿಗೆ ಹೋಗಲ್ಲ. ಆ ಗೆರೆ ಹೊಡೆದುಹಾಕೋವರೆಗೂ ಈ ಕುರ್ಚಿ ಬಿಟ್ಟು ಏಳಲ್ಲ. ಗಂಟು ಬೆಳೆಯೋದಾದ್ರೆ ಇಲ್ಲೇ ಬೆಳೀಲಿ."

"ನಿಮ್ಮ ಜೀವದ ಮೇಲೆ ಹಟ ಮಾಡ್ತೀರಾ?"

"ನನ್ನ ಜೀವ ತಾನೇ? ಇನ್ಯಾರ ಜೀವದ ಮೇಲೆ ಮಾಡಲಿ?"

ಮೇಲ್ವಿಚಾರಕಿ ಮೆಲ್ಲಗೆ ಕೆಂಪುಗೆರೆಯವರ ಮುಂದೆ ಹತ್ತೊಂಬತ್ತನೆಯ ಹಾಳೆ ಇಟ್ಟಳು. ಅವರು ಅದನ್ನು ನೋಡುತ್ತ ಕೂತರು. ಆಮೇಲೆ ತಲೆ ಎತ್ತದೆ, "ಗೊತ್ತಾಯ್ತು ಅಂತ ಅವಳಿಗೆ ಯಾಕೆ ಹೇಳಿದ್ರಿ?" ಎಂದರು.

"ನೀವು ಹಾಗಂತ ಬರೆದುಕೊಟ್ಟಿದ್ರಿ ಸಾರ್."

ಕೆಂಪುಗೆರೆ ಪೆನ್ನು ತೆಗೆದು ತಾವೇ ಎಳೆದ ಗೆರೆಯನ್ನು ಅಡ್ಡಡ್ಡ ಹೊಡೆದುಹಾಕಿದರು. ಪಕ್ಕದಲ್ಲಿ ಏನೋ ಬರೆದು ಸಹಿ ಮಾಡಿದರು, ಉಳಿದ ಐವರ ಕಡೆ ತಳ್ಳಿದರು. ಹನ್ನೆರಡಮ್ಮ ಐದೂ ಸಹಿ ಬೀಳುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಆಮೇಲೆ ಆಕೆಯ ಸರದಿ. ಹತ್ತೊಂಬತ್ತನೆಯ ಅಭ್ಯರ್ಥಿಗೆ ತಾನು ಕೊಟ್ಟ ಉತ್ತರ ಸುಳ್ಳು ಎಂದು ಬರೆದುಕೊಡಬೇಕಿತ್ತು. ಬರೆದಳು.

"ಇದು ಫೈಲಿಗೆ ಹೋದ್ರೆ ನಿಮ್ಮ ಹೆಸರು ಪಟ್ಟಿಯಿಂದ ಇವತ್ತೇ ತೆಗೀಬೇಕಾಗುತ್ತೆ," ಎಂದಳು ಮೇಲ್ವಿಚಾರಕಿ. ಆಕೆಯ ಕಣ್ಣು ತುಂಬಿತ್ತು.

"ತೆಗೀರಿ. ಚೆನ್ನಾಗಿ ಕಾಣೋ ಹಾಗೆ ಗೆರೆ ಹೊಡೀರಿ," ಎಂದಳು ಹನ್ನೆರಡಮ್ಮ. "ಬಲಮುಖ ಬಿದ್ರೆ ನಿಜವಾದ ರೋಗಿಗಳ ಪಟ್ಟೀಲಿ ಬರ್ಕೊಳ್ಳಿ. ಬರ್ತೀನಿ. ಆಗ ನೋಡೋಣ, ನಿಮ್ಮ ಹುಡುಗರು ಎಷ್ಟು ಜನ ಪಾಸಾಗ್ತಾರೆ ಅಂತ."

ಸ್ಕ್ಯಾನಿನ ಚೀಟಿ ಹಿಡಿದು ಎದ್ದು ಹೊರಗೆ ಬಂದಳು. ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ ಹೆದರಿಕೆ, ಈಗ ಒಮ್ಮೆಗೇ ಮೇಲೆ ಬಿತ್ತು. ಗೋಡೆ ಹಿಡಿದು ನಿಂತಳು.

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಆ ಸಣಕಲು ಹುಡುಗಿ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಒಳಗೆ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ಹನ್ನೆರಡಮ್ಮನನ್ನು ಕಂಡೊಡನೆ ಎದ್ದು ಓಡಿ ಬಂದಳು. ಪಾಸೋ ಫೇಲೋ ಎಂದು ಕೇಳಲಿಲ್ಲ, ಯಾಕೆ ಸುಳ್ಳು ಹೇಳಿದಿರಿ ಎಂದೂ ಕೇಳಲಿಲ್ಲ.

"ಅಮ್ಮಾ, ಸ್ಕ್ಯಾನಿಗೆ ಬರೆದುಕೊಟ್ರಾ?" ಎಂದಳು.

ಹನ್ನೆರಡಮ್ಮ ಚೀಟಿಯನ್ನು ಅವಳ ಕೈಗಿಟ್ಟಳು.

"ಕೊಟ್ರು ಡಾಕ್ಟ್ರೇ," ಎಂದಳು. "ನಡೀರಿ, ಜೊತೆಗೆ ಬನ್ನಿ. ಒಬ್ಬಳೇ ಹೋಗೋಕೆ ಭಯ ಆಗ್ತಿದೆ."